ಕಾಗದಕ್ಕಿಳಿದ ಗೋರಿಗಳು: ರೋಮ್‌ನ ಅಚ್ಚುಚಿತ್ರಗಳಲ್ಲಿ ಪೋಪರ ಸಮಾಧಿ

(ಕಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತೆರೆಯ ಮೇಲೆ ಈಗ ಕಾಣುತ್ತಿರುವುದು 1554ರಲ್ಲಿ ರೋಮ್‌ನಲ್ಲಿ ಅಚ್ಚಾದ ಒಂದು ಹಾಳೆ. ತಾಮ್ರದ ತಗಡಿನ ಮೇಲೆ ಕೊರೆದು, ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಮಾಡಿದ ಕಾಗದದ ಮೇಲೆ ಒತ್ತಿ ತೆಗೆದದ್ದು. ಪ್ರಕಟಿಸಿದವನು ಆಂತೋನಿಯೊ ಸಲಾಮಾಂಕಾ ಎಂಬ ವ್ಯಾಪಾರಿ. ಹೆಸರೇ ಹೇಳುವಂತೆ ಸ್ಪೇನ್ ಕಡೆಯವನು, ರೋಮ್‌ನ ಕಾಂಪೊ ದೇ ಫಿಯೋರಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಕೊರೆದವನು ಯಾರೋ ಅನಾಮಿಕ. ಚಿತ್ರದಲ್ಲಿರುವುದು ಪೋಪ್ ಎರಡನೇ ಜೂಲಿಯಸ್‌ನ ಗೋರಿ.

ಚಿತ್ರ ಆಮೇಲೆ ನೋಡೋಣ. ಮೊದಲು ಬರಹ. ಲ್ಯಾಟಿನ್ ಭಾಷೆಯ ಆ ಬರಹದ ಸಾರಾಂಶ ಇಷ್ಟು: ಇದು ಜೂಲಿಯಸ್ ಪೋಪರ ಅಮೃತಶಿಲೆಯ ಗೋರಿ, ಫ್ಲಾರೆನ್ಸಿನ ಮೈಕೆಲ್ಯಾಂಜೆಲೊನ ದೈವೀ ಹಸ್ತದಿಂದ ಆದದ್ದು, ಇರುವುದು ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ. ಓದಿದವರಿಗೆ ಏನನ್ನಿಸಬೇಕು? ಒಬ್ಬ ಮಹಾಶಿಲ್ಪಿ ಕುಳಿತ, ಕೆತ್ತಿದ, ಮುಗಿಸಿದ ಎಂದು. ಆದರೆ ಆ ಗೋರಿಯ ಕತೆ ಬಲ್ಲವರಿಗೆ ಈ ಒಂದು ವಾಕ್ಯ ಓದಿ ನಗು ಬರುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಪುನರುಜ್ಜೀವನ ಕಾಲದ ಪೋಪರ ಗೋರಿಗಳ ಬಗ್ಗೆ ಪುಸ್ತಕಗಳಲ್ಲಿ ಇಂಥ ಅಚ್ಚುಗಳನ್ನು ಹಾಕಿರುತ್ತಾರೆ. ನಾವೂ ಅವನ್ನು ಆ ಕಾಲದ ಫೋಟೊ ಎಂಬಂತೆ ನೋಡಿ ಪುಟ ತಿರುಗಿಸುತ್ತೇವೆ. ಅವು ಅಂಗಡಿಯ ಸರಕು. ಮಾರಬೇಕೆಂದೇ ಮಾಡಿದ್ದು. ಸರಕು ಎಂದು ಒಪ್ಪಿಕೊಂಡು ನೋಡಿದರೆ ಅವು ಎಲ್ಲಿ ಬಣ್ಣ ಕಟ್ಟುತ್ತವೆ, ಎಲ್ಲಿ ತಮಗೇ ಗೊತ್ತಿಲ್ಲದೆ ನಿಜ ಬಾಯಿಬಿಡುತ್ತವೆ ಎರಡೂ ಕಾಣತೊಡಗುತ್ತದೆ.

ಜೂಲಿಯಸ್‌ನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. 1505ರಲ್ಲಿ ಮೈಕೆಲ್ಯಾಂಜೆಲೊಗೆ ಮೂವತ್ತು ವರ್ಷ. ಜೂಲಿಯಸ್ ಅವನನ್ನು ಫ್ಲಾರೆನ್ಸಿನಿಂದ ಕರೆಸಿ, ನನಗೊಂದು ಗೋರಿ ಕಟ್ಟು ಎಂದ. ಗೋಡೆಗೆ ಆನಿಸಿದ ಗೋರಿಯಲ್ಲ, ಸುತ್ತಲೂ ಓಡಾಡಿ ನೋಡುವಂಥದ್ದು. ಸಮಕಾಲೀನರು ಬರೆದಿಟ್ಟ ಲೆಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ಶಿಲ್ಪ. ಶಿಲ್ಪಿ ಕರಾರಾ ಗಣಿಗೆ ಹೋಗಿ ಎಂಟು ತಿಂಗಳು ಕಲ್ಲು ಆರಿಸುತ್ತ ಕುಳಿತ. ಕಲ್ಲು ರೋಮ್‌ಗೆ ಬಂದು ಬಿತ್ತು. ಅಷ್ಟರಲ್ಲಿ ಪೋಪನ ಮನಸ್ಸು ಹೊಸ ಸಂತ ಪೇತ್ರರ ಬೆಸಿಲಿಕಾದ ಕಡೆ ತಿರುಗಿತ್ತು. ದುಡ್ಡು ಕೇಳಲು ಹೋದವನನ್ನು ಬಾಗಿಲಲ್ಲೇ ತಡೆದರು. 1506ರ ಏಪ್ರಿಲ್ 17ರಂದು ಮೈಕೆಲ್ಯಾಂಜೆಲೊ ಸಿಟ್ಟಿನಿಂದ ರೋಮ್ ಬಿಟ್ಟು ಹೊರಟೇಬಿಟ್ಟ. ಮಾರನೆಯ ದಿನ, ಏಪ್ರಿಲ್ 18ರಂದು, ಹೊಸ ಬೆಸಿಲಿಕಾಗೆ ಅಡಿಗಲ್ಲು ಬಿತ್ತು.

ಮುಂದೆ ರಾಜಿಯಾಯಿತು, ಸಿಸ್ಟೀನ್ ಚಾವಣಿಯ ಕೆಲಸ ಬಂತು, 1513ರ ಫೆಬ್ರವರಿಯಲ್ಲಿ ಜೂಲಿಯಸ್ ತೀರಿಕೊಂಡ. ಆಮೇಲಿನದ್ದು ವಾರಸುದಾರರ ಜೊತೆಗಿನ ವ್ಯವಹಾರ. 1513ರ ಒಪ್ಪಂದದಲ್ಲಿ 16,500 ಡುಕಾಟ್ ಹಣ, ಏಳು ವರ್ಷದ ಗಡುವು. 1516ರಲ್ಲಿ ಮತ್ತೊಂದು ಒಪ್ಪಂದ, ಗೋರಿ ಚಿಕ್ಕದಾಯಿತು. 1532ರಲ್ಲಿ ಇನ್ನೊಂದು, ಇನ್ನೂ ಚಿಕ್ಕದಾಯಿತು. 1542ರಲ್ಲಿ ಕೊನೆಯದು. ಬೈಬಲ್ಲಿನ ಮೋಶೆ, ರಾಹೇಲ, ಲೇಯ ಈ ಮೂರು ಶಿಲ್ಪ ನಾನು ಕೊಡುತ್ತೇನೆ, ಉಳಿದದ್ದನ್ನು ಬೇರೆಯವರು ಮುಗಿಸಲಿ ಎನ್ನುವ ಮಟ್ಟಕ್ಕೆ ಬಂದು ನಿಂತಿತು. 1545ರಲ್ಲಿ ಗೋರಿ ನಿಂತಾಗ ಶಿಲ್ಪಿಗೆ ಎಪ್ಪತ್ತು. ಅದೂ ಸಂತ ಪೇತ್ರರ ಬೆಸಿಲಿಕಾದಲ್ಲಲ್ಲ, ಜೂಲಿಯಸ್ ಕಾರ್ಡಿನಲ್ ಆಗಿದ್ದಾಗ ಅವನ ಪಾಲಿಗಿದ್ದ ಚರ್ಚಿನಲ್ಲಿ, ಗೋಡೆಗೆ ಆನಿಸಿ.

ಈ ನಲವತ್ತು ವರ್ಷದ ಯೋಜನೆಗಳೆಲ್ಲ ಎಲ್ಲಿ ಹೋದವು? ರೇಖಾಚಿತ್ರಗಳಲ್ಲಿ ಚೂರುಪಾರು ಉಳಿದಿವೆ. ಒಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, 1505-06ರ ಸುಮಾರಿನದು. ಒಂದು ಫ್ಲಾರೆನ್ಸಿನ ಉಫಿತ್ಸಿಯಲ್ಲಿದೆ. ಬರ್ಲಿನ್‌ನಲ್ಲಿರುವುದು ಎಷ್ಟು ಮಾಸಿಹೋಗಿದೆ ಎಂದರೆ, ಅದರಲ್ಲಿ ಏನಿತ್ತು ಎಂದು ತಿಳಿಯಲು ಪಕ್ಕದಲ್ಲಿ ಅದರ ಹಳೆಯ ನಕಲನ್ನು ಇಟ್ಟುಕೊಳ್ಳಬೇಕು. ಯಾಕೊಪೊ ರೊಕ್ಕೆತ್ತಿ ಎಂಬಾತ ಮಾಡಿಟ್ಟ ಆ ನಕಲೂ ಬರ್ಲಿನ್‌ನಲ್ಲೇ ಇದೆ. ಇವೆಲ್ಲ ಶಿಲ್ಪಿಯ ಮನೆ, ಪೋಷಕನ ಮನೆ, ಸಂಗ್ರಾಹಕನ ಪೆಟ್ಟಿಗೆ ಹೀಗೆ ಕೈಯಿಂದ ಕೈಗೆ ಹೋದ ಹಾಳೆಗಳು. ಬೀದಿಯ ಜನರಿಗೆ ಕಾಣುವಂಥವಲ್ಲ. ಬೀದಿಗೆ ಬಂದದ್ದು 1554ರ ಈ ಅಚ್ಚು.

ಈಗ ಚಿತ್ರಕ್ಕೆ ಬನ್ನಿ. ಎರಡು ಅಂತಸ್ತು. ಕೆಳಗೆ ನಡುವೆ ಕುಳಿತ ಮೋಶೆ. ನಮ್ಮ ಎಡಕ್ಕಿರುವ ಗೂಡಿನಲ್ಲಿ ಕೈ ಜೋಡಿಸಿ ಮೇಲೆ ನೋಡುವ ರಾಹೇಲ, ಬಲಕ್ಕೆ ಲೇಯ. ಮೇಲೆ ಮೊಣಕೈ ಊರಿ ಒರಗಿದ ಪೋಪ್, ಅವನ ಹಿಂದೆ ಮಗುವನ್ನೆತ್ತಿಕೊಂಡ ಮರಿಯಮಾತೆ, ಎಡಕ್ಕೆ ಕಾಲಜ್ಞಾನ ನುಡಿಯುವ ಸಿಬಿಲ್ಲಾ, ಬಲಕ್ಕೆ ಒಬ್ಬ ಪ್ರವಾದಿ. ಕೆಳಗಿನ ಅಂತಸ್ತಿನ ತುಂಬ ಬಳ್ಳಿ, ಮುಖವಾಡ, ನಯವಾದ ಅಲಂಕಾರ. ಅದು 1513-14ರಲ್ಲೇ ಆಂತೋನಿಯೊ ದಾ ಪೊಂತಾಸ್ಸಿಯೆವೆ ಎಂಬ ಕಲ್ಲುಕುಟಿಗನ ತಂಡ ಕೆತ್ತಿದ್ದು. ಮೇಲಿನ ಅಂತಸ್ತು ಬೋಳುಬೋಳು. ಅದು ಮೂವತ್ತು ವರ್ಷದ ನಂತರದ್ದು. ಅಷ್ಟರಲ್ಲಿ ರುಚಿಯೇ ಬದಲಾಗಿತ್ತು. ಮೇಲಿನ ಸಿಬಿಲ್ಲಾ ಮತ್ತು ಪ್ರವಾದಿ ರಾಫಾಯೆಲ್ಲೊ ದಾ ಮೊಂತೆಲೂಪೊನ ಕೈಯವು. ಅಂದರೆ 'ದೈವೀ ಹಸ್ತ' ಒಂದಲ್ಲ, ಹಲವು.

ನನಗೆ ಬಹಳ ಇಷ್ಟವಾದ ಜಾಗ ಇನ್ನೂ ಕೆಳಗಿದೆ. ಕೆಳಗಿನ ಅಂತಸ್ತಿನಲ್ಲಿ ನಾಲ್ಕು ಕಂಬದಂಥ ಆಕೃತಿಗಳಿವೆ, ಮೇಲೆ ಮನುಷ್ಯನ ತಲೆ ಎದೆ, ಕೆಳಗೆ ಬರೀ ಕಂಬ. ಅವುಗಳ ಮುಂದೆ ಗೋಡೆಯಿಂದ ಆಚೆ ಚಾಚಿಕೊಂಡ ನಾಲ್ಕು ಪೀಠಗಳು. ಪೀಠವಿದ್ದ ಮೇಲೆ ಅದರ ಮೇಲೆ ಏನಾದರೂ ನಿಲ್ಲಬೇಕಲ್ಲ? ನಿಂತಿರುವುದು ತಲೆಕೆಳಗಾದ ಸುರುಳಿ, ಕಟ್ಟಡದಲ್ಲಿ ತೊಲೆಗೆ ಆಸರೆ ಕೊಡುವ ಬ್ರ್ಯಾಕೆಟ್ಟನ್ನು ಉಲ್ಟಾ ಇಟ್ಟಂತೆ. ಹಳೆಯ ಯೋಜನೆಯಲ್ಲಿ ಆ ಪೀಠಗಳ ಮೇಲೆ ಸಂಕೋಲೆಯ ಬಂದಿಗಳು ನಿಲ್ಲಬೇಕಿತ್ತು. ಅವರಲ್ಲಿ ಇಬ್ಬರನ್ನು ಮೈಕೆಲ್ಯಾಂಜೆಲೊ ಫ್ಲಾರೆನ್ಸಿನ ಶ್ರೀಮಂತ ರೊಬೆರ್ತೊ ಸ್ತ್ರೋತ್ಸಿಗೆ ಕೊಟ್ಟುಬಿಟ್ಟ, ಅವು ಫ್ರಾನ್ಸ್‌ಗೆ ಹೋಗಿ ಈಗ ಲೂವ್ರ್‌ನಲ್ಲಿವೆ. ಅರ್ಧಂಬರ್ಧ ಕೆತ್ತಿದ ನಾಲ್ವರು ಫ್ಲಾರೆನ್ಸಿನ ಅಕಾಡೆಮಿಯಲ್ಲಿದ್ದಾರೆ. ಬಂದಿಗಳು ಹೋದರು, ಪೀಠ ಉಳಿಯಿತು, ಖಾಲಿ ಜಾಗ ಮುಚ್ಚಲು ಸುರುಳಿ ಬಂತು. ಚರ್ಚಿಗೆ ಹೋದವರ ಕಣ್ಣು ನೇರ ಮೋಶೆಯ ಗಡ್ಡಕ್ಕೆ ಹೋಗುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಚ್ಚಿನಲ್ಲಿ ಎಲ್ಲವೂ ಒಂದೇ ಮಸಿ, ಒಂದೇ ದಪ್ಪದ ಗೆರೆ, ಮೋಶೆಗೂ ಸುರುಳಿಗೂ ಸಮಾನ ಮರ್ಯಾದೆ. ಹಾಗಾಗಿ ಬರಹ ಮುಚ್ಚಿಟ್ಟದ್ದನ್ನು ಚಿತ್ರ ತೋರಿಸಿಬಿಡುತ್ತದೆ.

ಸಲಾಮಾಂಕಾ 1554ರಲ್ಲೇ ಇದನ್ನು ಏಕೆ ಮಾರಾಟಕ್ಕೆ ತಂದ? ನನ್ನ ಊಹೆ ಹೇಳುತ್ತೇನೆ, ಊಹೆ ಎಂದೇ ತೆಗೆದುಕೊಳ್ಳಿ. ಈ ಗೋರಿಯ ವಿಷಯದಲ್ಲಿ ಮೈಕೆಲ್ಯಾಂಜೆಲೊ ಮೇಲೆ ದೊಡ್ಡ ಅಪವಾದವಿತ್ತು. ಹಣ ತಿಂದ, ಕೆಲಸ ಮಾಡಲಿಲ್ಲ ಎಂದು. ಲೇಖಕ ಪಿಯೆತ್ರೊ ಅರೆತಿನೊ 1545ರಲ್ಲಿ ಬರೆದ ಪತ್ರದಲ್ಲಿ ಇದೇ ಮಾತನ್ನು ಚುಚ್ಚಿ ಆಡಿದ್ದಾನೆ. 1553ರಲ್ಲಿ ಶಿಷ್ಯ ಅಸ್ಕಾನಿಯೊ ಕೊಂದಿವಿ ಗುರುವಿನ ಜೀವನಚರಿತ್ರೆ ಪ್ರಕಟಿಸಿದ. ಗೋರಿಯ ಪ್ರಸಂಗವನ್ನು ಅವನು 'ದುರಂತ' ಎಂದೇ ಕರೆದ, ಗುರುವಿನ ಪರ ವಕಾಲತ್ತು ಮಾಡಿದ. ಊರಿನ ಓದುಬಲ್ಲವರ ಬಾಯಲ್ಲೆಲ್ಲ ಆ ಗೋರಿಯ ಮಾತು. ಮಾರನೆಯ ವರ್ಷ ಅಚ್ಚು ಅಂಗಡಿಗೆ ಬಂತು. ಸುದ್ದಿಯಲ್ಲಿರುವ ಸರಕು ಬೇಗ ಹೋಗುತ್ತದೆ ಎಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ವಿಷಯವೇ? ಮೈಕೆಲ್ಯಾಂಜೆಲೊನ ಹೆಸರಿಗೆ ಗಿರಾಕಿ ಇದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. 1547ರಲ್ಲೇ ಅವನ ಅಂಗಡಿಯಿಂದ ಮೈಕೆಲ್ಯಾಂಜೆಲೊನ ಪಿಯೆತಾ, ಅಂದರೆ ಸತ್ತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ಮರಿಯಮಾತೆಯ ಶಿಲ್ಪದ ಅಚ್ಚು ಹೊರಬಂದಿತ್ತು.

ಇಲ್ಲಿ ವ್ಯಾಪಾರದ ಒಳಗುಟ್ಟು ಸ್ವಲ್ಪ ಹೇಳಬೇಕು. ಈ ದಂಧೆಯಲ್ಲಿ ಆಸ್ತಿ ಎಂದರೆ ತಾಮ್ರದ ಫಲಕ. ಚಿತ್ರ ಯಾರು ಬರೆದರು, ಯಾರು ಕೊರೆದರು ಎಂಬುದಕ್ಕಿಂತ ಫಲಕ ಯಾರ ಕಪಾಟಿನಲ್ಲಿದೆ ಎಂಬುದೇ ಮುಖ್ಯ. ಹಾಳೆಯ ಅಂಚಿನಲ್ಲಿ 'ಇನ್ವೆನಿತ್' ಎಂದಿದ್ದರೆ ಕಲ್ಪನೆ ಅವನದು, 'ಸ್ಕುಲ್ಪ್‌ಸಿತ್' ಎಂದಿದ್ದರೆ ಕೊರೆದವನು, 'ಎಕ್ಸ್‌ಕೂದಿತ್' ಎಂದರೆ ಪ್ರಕಾಶಕ, 'ಫೋರ್ಮಿಸ್' ಎಂದರೆ ಫಲಕದ ಯಜಮಾನ. ಫಲಕ ಮಾರಾಟವಾದರೆ ಹೊಸ ಯಜಮಾನ ಹಳೆಯ ಹೆಸರನ್ನು ಉಜ್ಜಿ ತೆಗೆದು ತನ್ನ ಹೆಸರು ಕೊರೆಸುತ್ತಾನೆ. ಕೆಲವೊಮ್ಮೆ ಹಳೆಯ ಹೆಸರು ಪೂರ್ತಿ ಅಳಿಯದೆ ಮಬ್ಬಾಗಿ ಹಾಗೆಯೇ ಇರುತ್ತದೆ. ಸಾವಿರಗಟ್ಟಲೆ ಪ್ರತಿ ತೆಗೆದಂತೆ ಗೆರೆ ಸವೆಯುತ್ತದೆ, ಮತ್ತೆ ಕೊರೆಸುತ್ತಾರೆ. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳ ನಡುವೆ ಐವತ್ತು ವರ್ಷದ ಅಂತರ ಇರಬಹುದು.

ಸಲಾಮಾಂಕಾನ ಎದುರಾಳಿ ಆಂತೋನಿಯೊ ಲಾಫ್ರೇರಿ, ಇಂದಿನ ಫ್ರಾನ್ಸಿನ ಫ್ರಾಂಶ್-ಕೋಂತೆಯಿಂದ ಬಂದವನು, ಪಾರಿಯೋನೆ ಬೀದಿಯಲ್ಲಿ ಅಂಗಡಿ. ಇಬ್ಬರೂ ಪರಸ್ಪರರ ಚಿತ್ರ ನಕಲು ಮಾಡಿ ಸಾಕಾಗಿಯೋ ಏನೋ, 1553ರಲ್ಲಿ ಪಾಲುದಾರರಾದರು. ಸಲಾಮಾಂಕಾ 1562ರಲ್ಲಿ ತೀರಿಕೊಂಡ. ಮುಂದೆ ಲಾಫ್ರೇರಿ 'ಸ್ಪೆಕುಲುಮ್ ರೊಮಾನೆ ಮಾಗ್ನಿಫಿಚೆಂತಿಯೆ', ರೋಮನ್ ವೈಭವದ ಕನ್ನಡಿ, ಎಂಬ ಶೀರ್ಷಿಕೆಪುಟ ಮಾಡಿಸಿದ. ಇದನ್ನು ಪುಸ್ತಕ ಎಂದುಕೊಂಡರೆ ದಾರಿ ತಪ್ಪುತ್ತೀರಿ. ಗಿರಾಕಿ ಅಂಗಡಿಗೆ ಬಂದು, ಕೊಲೊಸಿಯಂ ಒಂದು, ಸ್ತಂಭ ಒಂದು, ಗೋರಿ ಒಂದು ಎಂದು ತನಗೆ ಬೇಕಾದ ಹಾಳೆ ಆರಿಸಿಕೊಳ್ಳುತ್ತಿದ್ದ, ಶೀರ್ಷಿಕೆಪುಟ ಮುಂದಿಟ್ಟು ಹೊಲಿಸುತ್ತಿದ್ದ. ಅದಕ್ಕೇ ಇವತ್ತು ಒಂದು ಪ್ರತಿ ಇನ್ನೊಂದರಂತಿಲ್ಲ. ಲಾಫ್ರೇರಿ 1577ರಲ್ಲಿ ಉಯಿಲು ಬರೆಯದೆ ಸತ್ತ, ಫಲಕಗಳು ದುಕೆತ್ತಿ ಮನೆತನದ ಬಂಧುಗಳಿಗೆ ಹಂಚಿಹೋದವು, ಅಲ್ಲಿಂದ ಇನ್ನೂ ಮುಂದಕ್ಕೆ.

ಯಾರು ಕೊಳ್ಳುತ್ತಿದ್ದರು? 1550 ಮತ್ತು 1575 ಜೂಬಿಲಿ ವರ್ಷಗಳು, ಯಾತ್ರಿಕರ ಜಾತ್ರೆ. ಅವರಿಗೆ ಊರಿಗೆ ಒಯ್ಯಲು ಏನಾದರೂ ಬೇಕು. ಉತ್ತರದ ದೇಶಗಳಿಂದ ಬರುತ್ತಿದ್ದ ಚಿತ್ರಕಾರರಿಗೆ, ಕಟ್ಟಡ ಕಟ್ಟುವವರಿಗೆ ಮಾದರಿ ಬೇಕು. ರೋಮ್‌ಗೆ ಕಾಲಿಡದ ಶಿಲ್ಪಿಯೂ ಈ ಹಾಳೆ ಗೋಡೆಗಂಟಿಸಿಕೊಂಡು ಗೂಡು ಹೀಗೆ, ಪೀಠ ಹೀಗೆ ಎಂದು ಅಳತೆ ತೆಗೆಯಬಹುದಿತ್ತು. ಅವನಿಗೆ ಆ ಉಲ್ಟಾ ಸುರುಳಿ ಆಪದ್ಧರ್ಮವೆಂದು ಹೇಗೆ ಗೊತ್ತಾಗಬೇಕು? ಅದೂ ಮಹಾಶಿಲ್ಪಿಯ ಹೊಸ ಶೈಲಿ ಎಂದೇ ಕಂಡಿರಬೇಕು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಅಚ್ಚು ಮತ್ತು ಪೋಪರ ಗೋರಿ ಎರಡನ್ನೂ ಒಂದೇ ಕೈ ಮಾಡಿದ ಉದಾಹರಣೆ ಇದೆ. ಆಂತೋನಿಯೊ ಪೊಲ್ಲಾಯುವೊಲೊ. ಹದಿನೈದನೇ ಶತಮಾನದ ಇಟಲಿಯ ಅತ್ಯಂತ ಹೆಸರಾದ ತಾಮ್ರದಚ್ಚು, ಹತ್ತು ಬತ್ತಲೆ ಗಂಡಸರು ಕತ್ತಿ ಕೊಡಲಿ ಹಿಡಿದು ಕಾದಾಡುವ ಚಿತ್ರ, ಅವನದು. ಅವನ ಸಹಿ ಇರುವ ಅಚ್ಚು ಅದೊಂದೇ. ಅವನು ಮೂಲತಃ ಅಕ್ಕಸಾಲಿಗ. ಲೋಹದ ಮೇಲೆ ಗೆರೆ ಕೊರೆಯುವ ವಿದ್ಯೆ ಅಲ್ಲಿಂದಲೇ ಬಂದದ್ದು. ನಾಲ್ಕನೇ ಸಿಕ್ಸ್ಟಸ್ ಪೋಪನ ಕಂಚಿನ ಗೋರಿಯನ್ನು ಅವನು 1493ರಲ್ಲಿ ಮುಗಿಸಿದ. ಮಾಡಿಸಿದವನು ಸಿಕ್ಸ್ಟಸ್‌ನ ಅಣ್ಣತಮ್ಮಂದಿರ ಮಗ ಜುಲಿಯಾನೊ ದೆಲ್ಲಾ ರೋವೆರೆ, ಮುಂದೆ ಎರಡನೇ ಜೂಲಿಯಸ್ ಆದವನು. ಅಂದರೆ ಪೋಪ್ ಆಗುವ ಮೊದಲಿನಿಂದಲೂ ಗೋರಿಯ ಹುಚ್ಚು ಎನ್ನಿ! ಮಲಗಿದ ಪೋಪನ ಸುತ್ತ ಸದ್ಗುಣಗಳೂ ವಿದ್ಯೆಗಳೂ ಹೆಣ್ಣುರೂಪ ತಾಳಿ ಕುಳಿತಿವೆ, ವಿದ್ಯೆಗಳ ಸಾಲಿನಲ್ಲಿ ಚಿತ್ರಕಾರರ ಪರ್ಸ್ಪೆಕ್ಟಿವ್‌ಗೂ ಜಾಗ ಸಿಕ್ಕಿದೆ. ಅಲ್ಲಿ ಪೊಲ್ಲಾಯುವೊಲೊ ತನ್ನನ್ನು ಬೆಳ್ಳಿ, ಬಂಗಾರ, ಚಿತ್ರ, ಕಂಚು ಇವುಗಳಲ್ಲಿ ಹೆಸರಾದವನು ಎಂದು ಬರೆದುಕೊಂಡಿದ್ದಾನೆ. ಪಟ್ಟಿಯಲ್ಲಿ ಅಚ್ಚಿಲ್ಲ! ಇವತ್ತು ಜಗತ್ತಿನ ಅರ್ಧದಷ್ಟು ಕಲಾ ವಿದ್ಯಾರ್ಥಿಗಳು ಅವನನ್ನು ಬಲ್ಲದ್ದು ಆ ಅಚ್ಚಿನಿಂದ. ಅವನಿಗೆ ಅದು ಹೇಳಿಕೊಳ್ಳುವ ಕೆಲಸವೇ ಆಗಿರಲಿಲ್ಲ.

ಎಂಟನೇ ಇನೊಸೆಂಟ್ ಪೋಪನ ಗೋರಿಯೂ ಅವನದೇ, 1498ರದ್ದು. ಹಳೆಯ ಬೆಸಿಲಿಕಾ ಕೆಡವಿದಾಗ ಎಷ್ಟೋ ಪೋಪರ ಗೋರಿಗಳು ಪುಡಿಯಾದವು ಇಲ್ಲವೇ ಬಿಡಿಬಿಡಿಯಾಗಿ ನೆಲಮಾಳಿಗೆ ಸೇರಿದವು. ಎರಡನೇ ಪಾಲ್‌ನ ಗೋರಿ ಹಾಗೆ ಚೂರಾದದ್ದು. ಮೀನೊ ದಾ ಫಿಯೆಸೊಲೆ ಮತ್ತು ಜೊವಾನ್ನಿ ದಾಲ್ಮಾತಾ ಸೇರಿ ಮಾಡಿದ್ದು. ಅದು ಇಡಿಯಾಗಿ ಹೇಗಿತ್ತೆಂದು ತಿಳಿಯಲು ಅಲ್ಫೊನ್ಸೊ ಚಾಕೋನ್ ಬರೆದ ಪೋಪರ ಚರಿತ್ರೆಯ 1677ರ ಆವೃತ್ತಿಯ ಅಚ್ಚು ನೆರವಿಗೆ ಬರುತ್ತದೆ. ಇನೊಸೆಂಟ್‌ನ ಗೋರಿ ಮಾತ್ರ ಅದೃಷ್ಟವಂತ, ಹೊಸ ಬೆಸಿಲಿಕಾದಲ್ಲಿ 1621ರಲ್ಲಿ ಮತ್ತೆ ನಿಂತಿತು. ನಿಲ್ಲಿಸುವಾಗ ಮೇಲಿದ್ದ ಮಲಗಿದ ಪೋಪ್ ಕೆಳಗೆ ಬಂದ, ಕೆಳಗಿದ್ದ ಕುಳಿತ ಪೋಪ್ ಮೇಲೆ ಹೋದ. ಸಾವು ಮೇಲೆ, ಅಧಿಕಾರ ಕೆಳಗೆ ಇದ್ದದ್ದು ಅದಲುಬದಲಾಯಿತು. ಇದು ನಮಗೆ ಗೊತ್ತಾಗಿರುವುದು ಹಳೆಯ ರೇಖಾಚಿತ್ರಗಳಿಂದ. ಜೊತೆಗೆ, ಇವನ ಕಾಲದಲ್ಲಿ ಹೊಸ ಜಗತ್ತು ಪತ್ತೆಯಾಯಿತು ಎಂಬ ಹೊಗಳಿಕೆಯನ್ನೂ ಕಲ್ಲಿಗೆ ಸೇರಿಸಿದರು. ಇನೊಸೆಂಟ್ ಸತ್ತದ್ದು 1492ರ ಜುಲೈ 25ರಂದು. ಕೊಲಂಬಸ್ ಬಂದರು ಬಿಟ್ಟದ್ದೇ ಆಗಸ್ಟ್ 3ರಂದು. ಅಚ್ಚು ಮಾತ್ರ ಸುಳ್ಳು ಹೇಳುತ್ತದೆ ಎಂದು ಯಾರೂ ದೂರುವಂತಿಲ್ಲ.

ಅಚ್ಚು ನೋಡುವಾಗ ನೆನಪಿಡಬೇಕಾದ ಇನ್ನೊಂದು ವಿಷಯ, ಎಡಬಲ. ಫಲಕದ ಮೇಲೆ ಕೊರೆದದ್ದು ಕಾಗದದ ಮೇಲೆ ತಿರುಗುಮುರುಗಾಗಿ ಬರುತ್ತದೆ. ಜಾಣ ಕೆತ್ತನೆಗಾರ ಮೊದಲೇ ಉಲ್ಟಾ ಕೊರೆಯುತ್ತಾನೆ. ಅವಸರದವನು ಹಾಗೆಯೇ ಕೊರೆಯುತ್ತಾನೆ. ಗೋರಿಯ ಮೇಲಿನ ಪೋಪ್ ಹರಸುವುದು ಬಲಗೈಯಿಂದ. ಅಚ್ಚಿನಲ್ಲಿ ಪೋಪ್ ಎಡಗೈ ಎತ್ತಿದ್ದರೆ ಇಡೀ ಗೋರಿಯೇ ಮಗುಚಿದೆ ಎಂದು ತಿಳಿಯಿರಿ.

ಮೂರನೇ ಪಾಲ್‌ನ ಗೋರಿಯ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಉಪನ್ಯಾಸವಾದೀತು. ಗುಲಿಯೆಲ್ಮೊ ದೆಲ್ಲಾ ಪೋರ್ತಾ ಕಾಲು ಶತಮಾನ ಕೆಲಸ ಮಾಡಿದ. ಅದೂ ಸುತ್ತಲೂ ನೋಡುವ ಗೋರಿಯಾಗಬೇಕಿದ್ದು ಕಡೆಗೆ ಗೋಡೆ ಸೇರಿತು. ನಾಲ್ಕು ಹೆಣ್ಣುರೂಪಗಳಲ್ಲಿ ಎರಡು ಫಾರ್ನೇಸೆ ಅರಮನೆಗೆ ಹೋದವು. ಉಳಿದ ನ್ಯಾಯದೇವತೆಯ ಬತ್ತಲೆ ಮೈಗೆ 1590ರ ದಶಕದಲ್ಲಿ ಲೋಹದ ಅಂಗಿ ತೊಡಿಸಿದರು. ತೊಡಿಸಿದವನು ಶಿಲ್ಪಿಯ ಸ್ವಂತ ಮಗ ತೆಯೊದೋರೊ.

ಅಚ್ಚಿನ ನಿಜವಾದ ಉಪಕಾರ ಕಾಣುವುದು ಕಲ್ಲಿನ ಗೋರಿಗಳಲ್ಲಲ್ಲ, ಮರದ ಗೋರಿಗಳಲ್ಲಿ. ಐದನೇ ಸಿಕ್ಸ್ಟಸ್ 1590ರ ಆಗಸ್ಟ್‌ನಲ್ಲಿ ತೀರಿಕೊಂಡ. ಮಾರನೆಯ ವರ್ಷ ಅವನ ಅಸ್ಥಿಯನ್ನು ಸಾಂತಾ ಮರಿಯಾ ಮಜ್ಜೋರೆಗೆ ತಂದಾಗ ದೊಮೆನಿಕೊ ಫೊಂತಾನಾ, ವ್ಯಾಟಿಕನ್ನಿನ ಒಬೆಲಿಸ್ಕ್ ಸ್ತಂಭವನ್ನು ಸಾಗಿಸಿ ನಿಲ್ಲಿಸಿದ ಅದೇ ಎಂಜಿನಿಯರ್, ಗುಮ್ಮಟವುಳ್ಳ ದೊಡ್ಡ ಮಂಟಪ ಕಟ್ಟಿದ. ಮರ, ಗಾರೆ, ಬಟ್ಟೆ, ಮೇಣದಬತ್ತಿ. ವಿಧಿ ಮುಗಿದ ಮೇಲೆ ಬಿಚ್ಚಿದರು. ಅದೇ 1591ರಲ್ಲಿ ಬಾಲ್ದೊ ಕತಾನಿ ಆ ಶವಸಂಸ್ಕಾರದ ವರ್ಣನೆಯ ಪುಸ್ತಕ ತಂದ, ಫ್ರಾಂಚೆಸ್ಕೊ ವಿಲ್ಲಾಮೇನಾ ಮಂಟಪವನ್ನು ತಾಮ್ರಕ್ಕೆ ಕೊರೆದ. ಕಟ್ಟಿದವರಿಗೂ ಗೊತ್ತಿತ್ತು, ಇದು ಉಳಿಯುವುದು ಆ ಹಾಳೆಯಲ್ಲೇ ಎಂದು. ಇಲ್ಲಿ ಅಚ್ಚು ಗೋರಿಯ ಹಿಂದೆ ಬಂದದ್ದಲ್ಲ, ಕಾರ್ಯಕ್ರಮದ ಪಟ್ಟಿಯಲ್ಲೇ ಇದ್ದದ್ದು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು, "ಜೂಲಿಯಸ್ ಆ ಗೋರಿಯೊಳಗೆ ಇದ್ದಾನೆಯೇ?" ಎಂದು ಕೇಳಿದರು. ಇಲ್ಲ ಸರ್. ಅವನ ಅವಶೇಷ ಸಂತ ಪೇತ್ರರ ಬೆಸಿಲಿಕಾದಲ್ಲಿದೆ, ದೊಡ್ಡಪ್ಪ-ಚಿಕ್ಕಪ್ಪನ ಸ್ಥಾನದ ನಾಲ್ಕನೇ ಸಿಕ್ಸ್ಟಸ್‌ನ ಜೊತೆ, ನೆಲದ ಒಂದು ಸಾದಾ ಚಪ್ಪಡಿಯ ಕೆಳಗೆ. ಅವನು ಸಿಕ್ಸ್ಟಸ್‌ಗೆ ಮಾಡಿಸಿದ ಕಂಚಿನ ಗೋರಿ ವಸ್ತುಸಂಗ್ರಹಾಲಯದಲ್ಲಿದೆ. ಮೆದೀಚಿ ಮನೆತನದ ಪೋಪರದ್ದೂ ಹೆಚ್ಚುಕಡಿಮೆ ಇದೇ ಪಾಡು. ಹತ್ತನೇ ಲಿಯೊ, ಏಳನೇ ಕ್ಲೆಮೆಂಟ್ ಇಬ್ಬರ ಗೋರಿಗಳನ್ನೂ ಮೈಕೆಲ್ಯಾಂಜೆಲೊ ಫ್ಲಾರೆನ್ಸಿನ ಸಾನ್ ಲೊರೆಂತ್ಸೊದಲ್ಲಿ ಕಟ್ಟಬಹುದೇ ಎಂಬ ಮಾತು 1524ರಲ್ಲಿ ನಡೆದಿತ್ತು. ಕೊನೆಗೆ ಇಬ್ಬರೂ ರೋಮ್‌ನ ಮಿನೆರ್ವಾ ಚರ್ಚಿನಲ್ಲಿ ಬಾಂದಿನೆಲ್ಲಿ ಎಂಬ ಶಿಲ್ಪಿಯ ಗೋರಿಗಳಿಗೆ ತೃಪ್ತಿಪಡಬೇಕಾಯಿತು.

ಮುದ್ರಣಕಲೆ ವಿಭಾಗದ ವಿದ್ಯಾರ್ಥಿನಿಯೊಬ್ಬಳು, "ಬಿಳಿ ಕಲ್ಲನ್ನು ಕಪ್ಪು ಗೆರೆಯಲ್ಲಿ ತೋರಿಸುವುದು ಹೇಗೆ ಸರ್?" ಎಂದಳು. ಬಿಳಿಯನ್ನು ಕಾಗದವೇ ಕೊಡುತ್ತದೆ, ಕೆತ್ತನೆಗಾರ ದುಡಿಯಬೇಕಾದದ್ದು ಗೂಡಿನ ಕತ್ತಲೆಗೆ. 1554ರ ಹಾಳೆಯಲ್ಲಿ ಗೆರೆಗಳ ಮೇಲೆ ಅಡ್ಡಗೆರೆ ಹಾಕಿ ಕತ್ತಲೆ ತುಂಬಿದ್ದಾರೆ, ಶಿಸ್ತಿನ ಕೆಲಸ, ಸ್ವಲ್ಪ ಒಣಕಲು. ಕೊರ್ನೆಲಿಸ್ ಕೊರ್ಟ್ ಎಂಬ ಡಚ್ಚ 1570ರಲ್ಲಿ ಸಾನ್ ಲೊರೆಂತ್ಸೊದ ಮೆದೀಚಿ ಗೋರಿಗಳನ್ನು ಕೊರೆದ. ವೆನಿಸ್‌ನಲ್ಲಿ ಚಿತ್ರಕಾರ ತಿತ್ಸಿಯಾನೊ ಜೊತೆ ಕೆಲಸ ಮಾಡಿ ಬಂದವನು. ಅವನ ಬ್ಯೂರಿನ್, ಅಂದರೆ ಗೆರೆ ಕೊರೆಯುವ ಚೂಪು ಉಳಿ, ಒಂದೇ ಗೆರೆಯೊಳಗೆ ಆಳಕ್ಕಿಳಿದು ಮತ್ತೆ ಮೇಲೆ ಬರುತ್ತದೆ, ಗೆರೆ ಉಬ್ಬಿ ಸಣ್ಣಗಾಗುತ್ತ ಮೈಯ ತಿರುವಿನ ಜೊತೆ ಹೋಗುತ್ತದೆ. ತೊಡೆಯ ಮೇಲಿನ ನೆರಳನ್ನು ನೋಡಿದರೆ ಸಾಕು. ಮೆಟ್ರೊಪಾಲಿಟನ್ ಮ್ಯೂಸಿಯಂ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯ ಎರಡೂ ತಮ್ಮ 'ಸ್ಪೆಕುಲುಮ್' ಹಾಳೆಗಳನ್ನು ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟಿವೆ. ಜೂಲಿಯಸ್‌ನ ಗೋರಿ ತೆಗೆದು, ಪಕ್ಕದಲ್ಲಿ ಕೊರ್ಟ್‌ನ ಹಾಳೆ ಇಟ್ಟು, ಎರಡನ್ನೂ ಕಣ್ಣು ಹೊಂದುವಷ್ಟು ದೊಡ್ಡದು ಮಾಡಿ ನೋಡಮ್ಮ. ಆಮೇಲೆ ಅದೇ ಗೂಡನ್ನು ನಿನ್ನ ಪ್ಲೇಟಿನ ಮೇಲೆ ಎರಡೂ ರೀತಿಯಲ್ಲಿ ಒಂದೊಂದು ಸಲ ಕೊರೆದು ನೋಡು.